ರೆಕ್ಕೆಯ ನಟ್ಟು, ಬರೆಯದ ಚೀಟಿ

ಆ ಮಂಗಳವಾರ ನಾನು ಒಂದು ಹಳದಿ ಚೀಟಿ ಬರೆದು ಪೆಟ್ಟಿಗೆಗೆ ಹಾಕಬೇಕಿತ್ತು. ಮೂರು ಸಾಲು ಸಾಕಿತ್ತು. ಕನ್ನಡದಲ್ಲೇ ಬರೆಯಬಹುದಿತ್ತು, ಹೆಸರು ಹಾಕಬೇಕಾಗಿಯೂ ಇರಲಿಲ್ಲ. ನಾನು ಬರೆಯಲಿಲ್ಲ. ಅದರಿಂದ ನನ್ನ ತಂಗಿಯ ಕೆಲಸ ಹೋಗುವ ಹಂತಕ್ಕೆ ಬಂತು. ಕಾರಣ ಗೊತ್ತಿದ್ದೂ ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಕುವೈತಿನ ಜಾಬ್ರಿಯಾದ ಒಂದು ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಕೆಲಸ. ಮೇಲೆ ಆಪರೇಷನ್ ಮುಗಿದ ಮೇಲೆ ರಕ್ತ ಮೆತ್ತಿದ ಕತ್ತರಿ, ಇಕ್ಕಳ, ಚಿಮಟಗಳು ಲಿಫ್ಟಿನಲ್ಲಿ ಕೆಳಗೆ ಬರುತ್ತವೆ. ನಾವು ಅವನ್ನು ಔಷಧಿಯ ನೀರಿನಲ್ಲಿ ನೆನೆಸಿ, ಬಿಚ್ಚುವಂಥದ್ದನ್ನು ಬಿಚ್ಚಿ ಬ್ರಷ್ಷಿನಿಂದ ತಿಕ್ಕಿ, ಯಂತ್ರದಲ್ಲಿ ತೊಳೆದು, ಒಣಗಿಸಿ, ಭೂತಗನ್ನಡಿಯ ಕೆಳಗೆ ನೋಡಿ, ಎಣಿಸಿ, ಎರಡು ಪದರ ಬಟ್ಟೆಯಲ್ಲಿ ಕಟ್ಟಿ ಆಟೋಕ್ಲೇವಿಗೆ ಹಾಕುತ್ತೇವೆ. ಆಟೋಕ್ಲೇವ್ ಎಂದರೆ ಆಳೆತ್ತರದ ಕುಕ್ಕರ್ ಎಂದು ತಿಳಿದುಕೊಳ್ಳಿ. ಹಬೆಯಿಂದ ಹೊರಗೆ ಬಂದಾಗ ಕಟ್ಟಿನ ಮೇಲಿನ ಟೇಪಿನ ಗೆರೆ ಕಪ್ಪಗಾಗಿರಬೇಕು. ಕಟ್ಟಿದವರು ಆ ಟೇಪಿನ ಮೇಲೆ ತಮ್ಮ ಗುರುತು ಹಾಕಬೇಕು. ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷಿನಲ್ಲಿ ಸಹಿ ಹಾಕಲು ಕೈ ಏಳುತ್ತಿರಲಿಲ್ಲ. ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲೇ ಬರೆಯುತ್ತಿದ್ದೆ. ಯಾರೂ ಬೇಡವೆನ್ನಲಿಲ್ಲ.

ನಾನು ಕಟ್ಟಿ ಕಳಿಸಿದ್ದನ್ನು ಮೇಲೆ ಬಿಚ್ಚುವವರಲ್ಲಿ ನನ್ನ ತಂಗಿಯೂ ಒಬ್ಬಳು. ಅವಳು ಥಿಯೇಟರ್ ನರ್ಸ್. ಆಪರೇಷನ್ ಟೇಬಲ್ಲಿನ ಪಕ್ಕ ನಿಂತು ಡಾಕ್ಟರ ಕೈಗೆ ಉಪಕರಣ ಕೊಡುವುದು ಅವಳ ಕೆಲಸ. ನನ್ನನ್ನು ಕುವೈತಿಗೆ ಕರೆಸಿ ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ಸಾಲ್ಮಿಯಾದ ಹಳೆಯ ಕಟ್ಟಡವೊಂದರ ಒಂದೇ ರೂಮಿನಲ್ಲಿ ಇಬ್ಬರೂ ಇದ್ದೆವು. ಅವಳಿಗಿಂತ ನಾನು ಹನ್ನೊಂದು ವರ್ಷ ದೊಡ್ಡವಳು.

ಜಪಾನಿನ ಮೇಡಂ ಬಂದದ್ದು ಸೆಕೆ ಏರತೊಡಗಿದ ಸಮಯದಲ್ಲಿ. ತಮ್ಮ ದೇಶದಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು, ಅರವತ್ತು ದಾಟಿದ ಸಣ್ಣ ಹೆಂಗಸು. ಆಸ್ಪತ್ರೆಯ ಕೆಲಸದ ರೀತಿಯನ್ನು ತಿದ್ದಲು ಆಡಳಿತದವರು ಆರು ತಿಂಗಳಿಗೆ ಕರೆಸಿದ್ದರು. ಮೊದಲ ದಿನ ಅವರು ನಮ್ಮ ವಿಭಾಗದ ಬಾಗಿಲಲ್ಲಿ ನಿಂತು ಒಳಗೆ ಕಾಲಿಡುವ ಮೊದಲು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಒಳಗೆ ಇದ್ದದ್ದು ಸಿಂಕುಗಳು, ಯಂತ್ರಗಳು ಮತ್ತು ನಾವು ಐದು ಜನ ಹೆಲ್ಪರುಗಳು. ನನ್ನ ಪಕ್ಕದ ಸಿಂಕಿನ ಶ್ರೀಲಂಕಾದವಳು ಮೆಲ್ಲಗೆ ಹೇಳಿದಳು:

"ನಮಗಲ್ಲ ದೀದಿ, ಯಂತ್ರಕ್ಕೆ. ಯಂತ್ರ ಅವರ ಊರಿನದು."

ನಕ್ಕೆವು. ಆದರೆ ನನಗೆ ಅವತ್ತೇ ಅನುಮಾನ ಹುಟ್ಟಿತು. ದೊಡ್ಡವರು ಕಾರಣವಿಲ್ಲದೆ ಸಣ್ಣವರ ಮುಂದೆ ಬಗ್ಗಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಎರಡನೆಯ ದಿನ ಅವರು ನೆಲದ ಮೇಲೆ ಟೇಪಿನಿಂದ ಒಂದು ವೃತ್ತ ಮಾಡಿ, ಅದರೊಳಗೆ ನಿಂತು, ಒಂದು ಗಂಟೆ ಕದಲದೆ ನಮ್ಮನ್ನು ನೋಡಿದರು. ಒಂದು ಮಾತಿಲ್ಲ. ಆಮೇಲೆ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ತೋರಿಸಿದರು: ಸಿಂಕಿನಿಂದ ಕಟ್ಟುವ ಟೇಬಲ್ಲಿಗೆ ನಾನು ನಲವತ್ತೊಂದು ಹೆಜ್ಜೆ ನಡೆಯುತ್ತಿದ್ದೆ. ವಾರದೊಳಗೆ ಟೇಬಲ್ ಜಾಗ ಬದಲಾಯಿತು. ಹೆಜ್ಜೆ ಹನ್ನೆರಡಾಯಿತು. ಸಂಜೆ ಕಾಲು ನೋಯುವುದು ನಿಜವಾಗಿಯೂ ಕಡಿಮೆಯಾಯಿತು. ಆದರೂ ನನಗೆ ಖುಷಿಯಾಗಲಿಲ್ಲ. ಹೆಜ್ಜೆ ಕಡಿಮೆ ಮಾಡಿದವರು ನಾಳೆ ಹೆಜ್ಜೆ ಹಾಕುವವರನ್ನೂ ಕಡಿಮೆ ಮಾಡುತ್ತಾರೆ ಎಂದುಕೊಂಡೆ.

ಆಮೇಲೆ ಬಂತು ಬೆರಳು ತೋರಿಸಿ ಹೇಳುವ ಪದ್ಧತಿ. ಜಪಾನಿನಲ್ಲಿ ರೈಲು ಓಡಿಸುವವರು ಹೀಗೆ ಮಾಡುತ್ತಾರಂತೆ. ಸುಮ್ಮನೆ ಕಣ್ಣಿನಲ್ಲಿ ನೋಡಿ ಮುಂದೆ ಹೋಗಬಾರದು. ಒಂದೊಂದು ಉಪಕರಣಕ್ಕೂ ತೋರುಬೆರಳು ಚಾಚಿ, ಅದರ ಹೆಸರು, ಲೆಕ್ಕ ಗಟ್ಟಿಯಾಗಿ ಹೇಳಿ, ಕೊನೆಗೆ "ಇದೆ" ಎನ್ನಬೇಕು. ಕಣ್ಣು, ಬೆರಳು, ಬಾಯಿ, ಕಿವಿ ನಾಲ್ಕೂ ಒಂದೇ ಕಡೆ ಇದ್ದರೆ ಮನಸ್ಸು ಬೇರೆ ಕಡೆ ಹೋಗುವುದಿಲ್ಲ ಎಂಬುದು ಮೇಡಂ ಮಾತು. ಭಾಷೆ ಯಾವುದಾದರೂ ಸರಿ. ಹೆಸರು ಓದಲು ಕಷ್ಟಪಡುವವರಿಗೆ ಟ್ರೇಯ ಚಿತ್ರವಿರುವ ಹಾಳೆ ಕೊಟ್ಟರು. "ಆರ್ಟರಿ ಆರು, ಇದೆ. ಕತ್ತರಿ ಎರಡು, ಇದೆ" ಎಂದು ನಾನು ಕನ್ನಡದಲ್ಲಿ, ಪಕ್ಕದವಳು ಸಿಂಹಳದಲ್ಲಿ, ಇನ್ನೊಬ್ಬಳು ನೇಪಾಳಿಯಲ್ಲಿ. ಆರ್ಟರಿ ಎಂದರೆ ರಕ್ತನಾಳವನ್ನು ಹಿಡಿಯುವ ಇಕ್ಕಳ. ನಮ್ಮ ಇನ್‌ಚಾರ್ಜ್, ಕೇರಳದವರು, ಕಿವಿ ಮುಚ್ಚಿಕೊಂಡು "ಯಲ್ಲಾ, ಮೀನು ಮಾರ್ಕೆಟ್ ಶುರುವಾಯಿತು" ಎನ್ನುತ್ತಿದ್ದರು.

ಕೊನೆಗೆ ಹಳದಿ ಚೀಟಿ. ತಪ್ಪು ನಡೆದೇಹೋದದ್ದಕ್ಕಲ್ಲ, ನಡೆಯುವುದರಲ್ಲಿತ್ತು, ತಪ್ಪಿತು ಎನ್ನುವುದಕ್ಕೆ. ಎದೆ ಝಲ್ಲೆಂದ ಕ್ಷಣ ಎಂಬ ಅರ್ಥದ ಹೆಸರೊಂದು ಅವರ ಭಾಷೆಯಲ್ಲಿ ಅದಕ್ಕಿದೆಯಂತೆ. ಅಂಥದ್ದೇನಾದರೂ ಆದರೆ ಚೀಟಿ ಬರೆದು ಪೆಟ್ಟಿಗೆಗೆ ಹಾಕಬೇಕು. ಯಾರಿಗೂ ಶಿಕ್ಷೆಯಿಲ್ಲ. ಗುರುವಾರ ಎಲ್ಲರೂ ಸುತ್ತ ನಿಂತು ಚೀಟಿ ಓದಿ, "ಯಾಕೆ" ಎಂದು ಐದು ಸಲ ಕೇಳಬೇಕು. ಮನುಷ್ಯನ ಹತ್ತಿರ ನಿಲ್ಲಬಾರದು, ಅವನ ಹಿಂದಿನ ಕಾರಣದವರೆಗೆ ಹೋಗಬೇಕು ಎನ್ನುತ್ತಿದ್ದರು ಮೇಡಂ. ನನ್ನ ಅನುಭವದಲ್ಲಿ ಐದು ಸಲವಲ್ಲ, ಐವತ್ತು ಸಲ ಯಾಕೆ ಎಂದು ಕೇಳಿದರೂ ಉತ್ತರ ಬಂದು ನಿಲ್ಲುವುದು ಹೆಲ್ಪರಿನ ಹೆಸರಿನ ಮೇಲೆಯೇ.

ಮೊದಲ ಚೀಟಿ ಬರೆದವಳು ಶ್ರೀಲಂಕಾದವಳು. ಆಟೋಕ್ಲೇವಿನ ಬಾಗಿಲು ತೆಗೆಯುವಾಗ ಹಬೆ ಮುಖಕ್ಕೆ ಬಂದು ಸ್ವಲ್ಪದರಲ್ಲಿ ಪಾರಾಗಿದ್ದಳು. ಮೇಡಂ ಅವಳಿಗೆ ಎರಡೂ ಕೈಯಿಂದ ಒಂದು ಪೆನ್ನು ಕೊಟ್ಟು ಅಭಿನಂದಿಸಿದರು. ಎರಡು ವಾರದ ಮೇಲೆ ಆಡಳಿತದ ಅಧಿಕಾರಿ, ಎಲ್ಲರೂ ಮುದೀರ್ ಎಂದು ಕರೆಯುವವರು, ಅವಳನ್ನು ಲಾಂಡ್ರಿಗೆ ಹಾಕಿದರು. "ಅವಳ ಸುರಕ್ಷತೆಗೆ" ಎಂದರು ಇನ್‌ಚಾರ್ಜ್. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಐದಿದ್ದವರು ನಾಲ್ಕಾದೆವು.

"ನೋಡಿದೆಯಾ?" ಎಂದೆ ತಂಗಿಗೆ, ಬಸ್ಸಿನಲ್ಲಿ. "ಪೆನ್ನು ಕೊಟ್ಟು ಕೆಲಸ ಕಿತ್ಕೊಂಡ್ರು."

"ಅದು ಮೇಡಂ ಮಾಡಿದ್ದಲ್ಲ ಕಣಕ್ಕಾ. ಅವರಿಗೆ ಗೊತ್ತೇ ಇರ್ಲಿಲ್ಲ. ಗೊತ್ತಾದ ಮೇಲೆ ಮುದೀರ್ ಹತ್ರ ಹೋಗಿ ಜಗಳ ಆಡಿದ್ರು."

"ನೀನು ನೋಡಿದ್ಯಾ?"

"ನಾನೇ ಪಕ್ಕದಲ್ಲಿ ಕೂತಿದ್ದೆ."

ಅದೇ ನನಗೆ ಹಿಡಿಸದ ಇನ್ನೊಂದು ಮಾತು. ಮೇಡಂ ತಂಗಿಯನ್ನು ತಮ್ಮ ಕೆಲಸಕ್ಕೆ ಸಹಾಯಕಿಯಾಗಿ ಆರಿಸಿಕೊಂಡಿದ್ದರು. ಕನ್ನಡ, ಹಿಂದಿ, ಮಲಯಾಳ ಮೂರೂ ಬರುತ್ತಿದ್ದುದರಿಂದ ಚೀಟಿಗಳನ್ನು ಇಂಗ್ಲಿಷಿಗೆ ಹೇಳುವವಳು ಅವಳೇ. ಹೆಸರು ಹಾಕಬೇಕಾಗಿಲ್ಲ ಎನ್ನುತ್ತಿದ್ದರು. ಆ ಕಟ್ಟಡದಲ್ಲಿ ಕನ್ನಡ ಬರೆಯುವವಳು ನಾನೊಬ್ಬಳು, ಓದುವವಳು ಅವಳೊಬ್ಬಳು. ನಾನು ಚೀಟಿ ಬರೆದರೆ ಅಕ್ಷರವೇ ನನ್ನ ಸಹಿ. ನಾನು ಎತ್ತಿ ಆಡಿಸಿದ ಹುಡುಗಿ ನನ್ನ ತಪ್ಪನ್ನು ಎಲ್ಲರೆದುರು ಓದಿ ಹೇಳುವುದು ನನಗೆ ಬೇಕಿರಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ಮೂರು ಸೆಟ್ಟುಗಳು ಒಟ್ಟಿಗೆ ಬಂದವು. ಒಂದರಲ್ಲಿ ರಿಟ್ರ್ಯಾಕ್ಟರ್ ಇತ್ತು. ಹೊಟ್ಟೆ ಕೊಯ್ದ ಮೇಲೆ ಗಾಯದ ಎರಡು ಅಂಚನ್ನು ಅಗಲಿಸಿ ಹಿಡಿಯುವ ಸ್ಟೀಲಿನ ಚೌಕಟ್ಟು ಅದು. ನಡುವಿನ ಅಲಗನ್ನು ಬಿಗಿ ಮಾಡಲು ಚಿಟ್ಟೆಯಂತೆ ಎರಡು ರೆಕ್ಕೆಯಿರುವ ಸಣ್ಣ ನಟ್ಟು ಇರುತ್ತದೆ. ತೊಳೆಯುವಾಗ ಅದನ್ನು ಬಿಚ್ಚಲೇಬೇಕು. ನಾನು ಬಿಚ್ಚಿದೆ. ಸೋಪಿನ ಕೈಗವಸಿನಿಂದ ಜಾರಿ, ಸಿಂಕಿಗೆ ಬಿದ್ದು, ಎರಡು ಸಲ ಟಿಣ್ ಎಂದು ಒಳಗೆ ಹೋಯಿತು. ಸಿಂಕಿನ ಜಾಲರಿಯನ್ನು ತಿಕ್ಕಲೆಂದು ನಾನೇ ಎತ್ತಿಟ್ಟಿದ್ದೆ. ಮಧ್ಯಾಹ್ನ ಜಾಲರಿ ತೆಗೆದು ತಿಕ್ಕಬೇಕೆಂಬುದು ಮೇಡಂ ತಂದ ಹೊಸ ನಿಯಮ.

ಬೆರಳು ಹಾಕಿದೆ. ತಂತಿ ಬಗ್ಗಿಸಿ ಹಾಕಿದೆ. ಸಿಗಲಿಲ್ಲ. ಆಗ ಕೈ ಎತ್ತಿ ಇನ್‌ಚಾರ್ಜನ್ನು ಕರೆದಿದ್ದರೆ ಪ್ಲಂಬರ್ ಬಂದು ಪೈಪ್ ಬಿಚ್ಚುತ್ತಿದ್ದ, ಸೆಟ್ಟನ್ನು ಪಕ್ಕಕ್ಕಿಡುತ್ತಿದ್ದರು, ಅಷ್ಟೇ. ನನಗೆ ಕಂಡದ್ದು ಲಾಂಡ್ರಿಯ ಬಾಗಿಲು.

ಇನ್ನೂ ಒಂದು ಕಾರಣವಿತ್ತು. ಯಾರಿಗೂ ತೊಂದರೆ ಕೊಡದೆ ಹೇಗಾದರೂ ಹೊಂದಿಸಿ ಕೆಲಸ ಮುಗಿಸುವುದು ನನ್ನ ಜಂಬ. ನಮ್ಮ ಮನೆಯಲ್ಲಿ ಹರಿದ ಸೀರೆಯಿಂದ ಕೌದಿ, ಒಡೆದ ಕೊಡದಲ್ಲಿ ಹೂವಿನ ಗಿಡ. ಇಲ್ಲ ಎಂದು ಹೇಳುವವಳು ಕೆಲಸಗಾತಿಯೇ ಅಲ್ಲ ಎಂದು ಕಲಿತವಳು ನಾನು. ಕೆಳಗಿನ ಕಪಾಟಿನಲ್ಲಿ ಬಳಸದ ಹಳೆಯ ರಿಟ್ರ್ಯಾಕ್ಟರ್ ಒಂದಿತ್ತು, ಬೇರೆ ಕಂಪನಿಯದು. ಅದರ ನಟ್ಟು ಬಿಚ್ಚಿ ತೊಳೆದು ಇದಕ್ಕೆ ಹಾಕಿ ನೋಡಿದೆ. ಕೂತಿತು. ತಿರುಗಿಸಿದೆ, ಕಚ್ಚಿತು. ಕೊನೆಯ ಸುತ್ತಿನಲ್ಲಿ ಒಂದು ಎಳೆಯಷ್ಟು ಸಡಿಲವಿತ್ತು. ಬೆರಳಿಗೆ ಅದು ಗೊತ್ತಾಯಿತು. ಗೊತ್ತಾದದ್ದನ್ನು ಬೆರಳಿನಲ್ಲೇ ಬಿಟ್ಟೆ.

ಸೆಟ್ಟು ಕಟ್ಟುವಾಗ ಬೆರಳು ತೋರಿಸಿ "ರಿಟ್ರ್ಯಾಕ್ಟರ್ ಒಂದು, ಇದೆ" ಎಂದೆ. ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಚಿತ್ರದ ಹಾಳೆಯಲ್ಲಿ ನಟ್ಟು ಬೇರೆ ಎಂದು ಇರಲೂ ಇಲ್ಲ. ಟೇಪ್ ಹಚ್ಚಿ ನನ್ನ ಅಕ್ಷರ ಬರೆದು ಆಟೋಕ್ಲೇವಿಗೆ ಹಾಕಿದೆ.

ಮಾರನೆಯ ದಿನ, ಬುಧವಾರ, ಆ ಸೆಟ್ಟು ತಂಗಿಯ ಕೈಗೆ ಹೋಯಿತು. ಆಪರೇಷನ್ ಮುಗಿದು ಹೊಟ್ಟೆ ಹೊಲಿಯುವ ಮೊದಲು ಅವಳು ಬೆರಳು ತೋರಿಸಿ ಎಣಿಸಿದಳು. ರಿಟ್ರ್ಯಾಕ್ಟರ್ ಇತ್ತು, ಅದರ ನಟ್ಟು ಇರಲಿಲ್ಲ. ಅವಳು ಹೊಲಿಗೆ ನಿಲ್ಲಿಸಿ ಎಂದಳು. ಪಟ್ಟಿಯಲ್ಲಿ ನಟ್ಟೇ ಇಲ್ಲ, ಮೊದಲಿಂದಲೂ ಇತ್ತೆಂದು ಏನು ಗ್ಯಾರಂಟಿ ಎಂದು ಡಾಕ್ಟರು ರೇಗಿದರು. ಅವಳು ಜಗ್ಗಲಿಲ್ಲ. ಎಕ್ಸ್‌ರೇ ಯಂತ್ರ ತರಿಸಿದರು. ಹೊಟ್ಟೆಯಲ್ಲಿ ಇರಲಿಲ್ಲ. ನಲವತ್ತು ನಿಮಿಷ ಹುಡುಕಿದ ಮೇಲೆ ಮುದುಡಿದ ಹಸಿರು ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿತು. ರೋಗಿಗೆ ಏನೂ ಆಗಲಿಲ್ಲ. ಆದರೆ ನಲವತ್ತು ನಿಮಿಷ ಹೆಚ್ಚು ಅರಿವಳಿಕೆ ಕೊಟ್ಟದ್ದಕ್ಕೆ ಮನೆಯವರು ದೂರು ಬರೆದರು. ನಟ್ಟನ್ನು ಸರಿಯಾಗಿ ಬಿಗಿ ಮಾಡದೆ ಟೇಬಲ್ಲಿಗೆ ಕೊಟ್ಟವಳು ನರ್ಸ್ ಎಂದು ಡಾಕ್ಟರು ಬರೆದರು. ಸಂಜೆಯ ಹೊತ್ತಿಗೆ ತಂಗಿಯನ್ನು ಥಿಯೇಟರಿನಿಂದ ತೆಗೆದಿದ್ದರು. ಮುಂದಿನ ಗುರುವಾರ ವಿಚಾರಣೆ. ಅಲ್ಲಿ ತಪ್ಪೆಂದು ಬರೆದರೆ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ರದ್ದು, ಊರಿಗೆ ಟಿಕೆಟ್ಟು, ಮತ್ತೆ ಕೊಲ್ಲಿಯ ಯಾವ ಆಸ್ಪತ್ರೆಗೂ ಅರ್ಜಿ ಹಾಕಲು ಕಷ್ಟ.

ರೂಮಿಗೆ ಬಂದು ಅವಳು ಚಪ್ಪಲಿಯನ್ನೂ ಬಿಡದೆ ಮಂಚದ ಮೇಲೆ ಕೂತಳು.

"ಅನ್ನಕ್ಕೆ ಇಡ್ಲಾ?" ಎಂದೆ.

"ಬೇಡ ಕಣಕ್ಕಾ."

"ನೀನು ಬಿಗಿ ಮಾಡಿದ್ದೆ ತಾನೇ?"

ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. "ಮಾಡಿದ್ದೆ" ಎಂದಳು. ಆ ನೋಟದಲ್ಲಿ ಏನಿತ್ತೆಂದು ನನಗೆ ಆಗ ಗೊತ್ತಾಗಲಿಲ್ಲ. ಇವಳಿಗೆ ಏನೋ ಗೊತ್ತಿದೆ, ನಾಳೆ ಮೇಡಂಗೆ ಹೇಳುತ್ತಾಳೆ ಎಂದು ಹೆದರಿದೆ. ತಪ್ಪು ಮಾಡಿದವಳು ನಾನು. ಅನುಮಾನ ಪಟ್ಟದ್ದು ಅವಳ ಮೇಲೆ.

ಭಾನುವಾರ ಮೇಡಂ ಕೆಂಪು ಚೀಟಿಯ ದಿನ ಇಟ್ಟಿದ್ದರು. ಕಪಾಟುಗಳನ್ನೆಲ್ಲ ಖಾಲಿ ಮಾಡಿ, ಬಳಸದ ಸಾಮಾನಿಗೆ ಕೆಂಪು ಚೀಟಿ ಕಟ್ಟಿ ಹೊರಗೆ ಹಾಕುವ ಕೆಲಸ. ಇದು ತಿಂಗಳ ಹಿಂದೆಯೇ ನಿಗದಿಯಾಗಿತ್ತು. ನನಗೆ ಮಾತ್ರ ನನ್ನನ್ನು ಹಿಡಿಯಲೆಂದೇ ಇಟ್ಟ ಹಾಗಿತ್ತು. ನಟ್ಟಿಲ್ಲದ ಆ ಹಳೆಯ ರಿಟ್ರ್ಯಾಕ್ಟರನ್ನು ಕಪಾಟಿನಿಂದ ತೆಗೆದು, ಮುರಿದ ಕತ್ತರಿ, ತುಕ್ಕು ಹಿಡಿದ ಇಕ್ಕಳಗಳ ಕೆಳಗೆ ಗುಜರಿ ಪೆಟ್ಟಿಗೆಯ ತಳಕ್ಕೆ ತಳ್ಳಿದೆ. ಪೆಟ್ಟಿಗೆ ಹಾಗೆಯೇ ಹೋಗುತ್ತದೆ, ಖಲಾಸ್ ಎಂದುಕೊಂಡೆ.

ಮೇಡಂ ಪೆಟ್ಟಿಗೆಯನ್ನು ನೆಲಕ್ಕೆ ಸುರಿದರು. ಮಂಡಿಯೂರಿ ಕೂತರು. ಬಿಸಾಡುವ ಸಾಮಾನಿಗೂ ಬೆರಳು ತೋರಿಸಿ ಒಂದೊಂದೇ ಹೆಸರು ಹೇಳತೊಡಗಿದರು. ಇಷ್ಟು ವರ್ಷ ದುಡಿದ ವಸ್ತುವನ್ನು ಹೆಸರು ಹೇಳದೆ ಕಳಿಸಬಾರದು ಎಂದರು. ರಿಟ್ರ್ಯಾಕ್ಟರ್ ಕೈಗೆ ಬಂತು. ತಿರುಗಿಸಿ ನೋಡಿದರು. ನಟ್ಟಿರಬೇಕಾದ ಕಡೆ ಬೆರಳಿಟ್ಟರು.

"ನಟ್ಟು, ಇಲ್ಲ" ಎಂದರು. ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿ ಕೇಳಿದರು: "ಯಾಕೆ?"

ಇನ್‌ಚಾರ್ಜ್ ಹೇಳಿದರು, "ಹಳೇದು ಮೇಡಂ. ಎಲ್ಲೋ ಬಿದ್ದು ಹೋಗಿರುತ್ತೆ."

ಮೇಡಂ ಕಾದರು. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು, ಗದರುತ್ತಿದ್ದರು. ಇವರು ಮಂಡಿಯೂರಿದ ಹಾಗೆಯೇ ಕಾದರು. ಆಟೋಕ್ಲೇವಿನ ಹಬೆ ಬಿಡುವ ಸದ್ದು ಬಂದು ನಿಂತಿತು. ನಾನು ಹೇಳಲಿಲ್ಲ. ಅದು ನನ್ನ ಎರಡನೆಯ ಸುಮ್ಮನಿರುವಿಕೆ. ಮೊದಲಿನದಕ್ಕೆ ಹೆದರಿಕೆ ಎಂಬ ಹೆಸರಿದೆ. ಇದಕ್ಕೆ ಬೇರೆ ಹೆಸರು.

ಅವರು ಕೆಂಪು ಚೀಟಿಯ ಮೇಲೆ ಒಂದು ಪ್ರಶ್ನೆಯ ಗುರುತು ಬರೆದು, ಅದಕ್ಕೆ ಕಟ್ಟಿ, ಗುಜರಿಗೆ ಹಾಕದೆ ನಾನು ಕೆಲಸ ಮಾಡುವ ಟೇಬಲ್ಲಿನ ಮೂಲೆಯಲ್ಲಿ ಇಟ್ಟುಹೋದರು. ಸೋಮವಾರ, ಮಂಗಳವಾರ, ಬುಧವಾರ ಅದು ಅಲ್ಲೇ ಇತ್ತು. ಇದು ಬಲೆ ಎಂದು ನನಗೆ ಖಾತ್ರಿಯಾಯಿತು. ಗೊತ್ತಿದ್ದೇ ಇಟ್ಟಿದ್ದಾರೆ, ನಾನಾಗಿಯೇ ಬಾಯಿ ಬಿಡಲಿ ಎಂದು ಇಟ್ಟಿದ್ದಾರೆ, ತಂಗಿಯೇ ಹೇಳಿಕೊಟ್ಟಿರಬೇಕು. ಈಗಲೂ ಅವರಿಗೆ ಎಷ್ಟು ಗೊತ್ತಿತ್ತೋ ನನಗೆ ತಿಳಿಯದು.

ಬುಧವಾರ ಸಂಜೆ ತಂಗಿ ಸರ್ಟಿಫಿಕೇಟುಗಳನ್ನು ಫೈಲಿಗೆ ಹಾಕುತ್ತಿದ್ದಳು.

"ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ನೀನು ಯಾರ ಹತ್ರನೂ ಜಗಳಕ್ಕೆ ಹೋಗ್ಬೇಡ ಕಣಕ್ಕಾ. ನಿನ್ನ ಇಕಾಮಾಕ್ಕೆ ಇನ್ನೂ ವರ್ಷ ಇದೆ. ನೀನು ಇಲ್ಲೇ ಇರು."

"ನೀನು ಹೋದ ಮೇಲೆ ನಾನು ಇಲ್ಲಿ ಯಾರನ್ನ ನೋಡ್ಕೊಂಡಿರ್ಲಿ?"

"ಜಪಾನಿ ಮೇಡಂ ಇದ್ದಾರಲ್ಲ, ನಿಂಗೆ ತುಂಬಾ ಇಷ್ಟ ಅವರು" ಎಂದು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಕೆಲಸ ಶುರು ಮಾಡಿದೆ. ವಿಚಾರಣೆ ಹತ್ತಕ್ಕೆ. ಮೊದಲು ಬಂದದ್ದೇ ರಿಟ್ರ್ಯಾಕ್ಟರ್ ಇರುವ ಸೆಟ್ಟು. ಹಿಂದಿನ ವಾರದ ಘಟನೆಯ ಮೇಲೆ ಚಿತ್ರದ ಹಾಳೆ ಬದಲಾಗಿತ್ತು. ನಟ್ಟನ್ನು ಬೇರೆ ಬರೆದು ಸುತ್ತ ಕೆಂಪು ವೃತ್ತ ಹಾಕಿದ್ದರು. ಬೆರಳು ಚಾಚಿ ಹೇಳುತ್ತಾ ಬಂದೆ. ಆರ್ಟರಿ ಆರು, ಇದೆ. ಕತ್ತರಿ ಎರಡು, ಇದೆ. ರಿಟ್ರ್ಯಾಕ್ಟರ್ ಒಂದು, ಇದೆ. ನಟ್ಟು ಒಂದು.

ನಟ್ಟು ಇತ್ತು. ಹೊಸದು, ಬಿಗಿಯಾಗಿ ಕೂತಿತ್ತು. ಆದರೂ "ಇದೆ" ಎನ್ನಲು ಬಾಯಿ ಬರಲಿಲ್ಲ. ಬೆರಳು ಅಲ್ಲೇ ನಿಂತಿತ್ತು. ಮೂರು ತಿಂಗಳಿಂದ ನಾನು ಲೇವಡಿ ಮಾಡುತ್ತಿದ್ದ ಪದ್ಧತಿ ಅವತ್ತು ನನ್ನನ್ನೇ ತಡೆದು ನಿಲ್ಲಿಸಿತು. ಮನಸ್ಸಿನಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಿಕೊಂಡು ಬದುಕಬಹುದು. ನನ್ನ ಬಾಯಿಂದ ನನ್ನ ಕಿವಿಗೇ ಕೇಳುವಂತೆ ಹೇಳುವುದು ಬೇರೆ.

ಕೈಗವಸು ಕಳಚಿದೆ. ಮೂಲೆಯಲ್ಲಿದ್ದ ಕೆಂಪು ಚೀಟಿಯ ರಿಟ್ರ್ಯಾಕ್ಟರನ್ನು ಎತ್ತಿಕೊಂಡೆ.

"ಟ್ರೇ ಅರ್ಧಕ್ಕೆ ಬಿಟ್ಟು ಎಲ್ಲಿಗೆ?" ಎಂದು ಇನ್‌ಚಾರ್ಜ್ ಕೂಗಿದರು.

"ಮೇಲಕ್ಕೆ" ಎಂದೆ.

ನಾಲ್ಕನೇ ಮಹಡಿಯ ಕೋಣೆಯಲ್ಲಿ ಉದ್ದ ಟೇಬಲ್. ಒಂದು ತುದಿಯಲ್ಲಿ ಮುದೀರ್, ಈಜಿಪ್ಟಿನವರು. ಪಕ್ಕದಲ್ಲಿ ಡಾಕ್ಟರು, ಎದುರಿಗೆ ಮೇಡಂ, ಕೊನೆಯಲ್ಲಿ ತಂಗಿ. ಬಾಗಿಲು ತಟ್ಟದೆ ಒಳಗೆ ಹೋದೆ. ರಿಟ್ರ್ಯಾಕ್ಟರನ್ನು ಟೇಬಲ್ ಮೇಲಿಟ್ಟು, ನನಗೆ ಬರುವ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಸಿಂಕು, ಜಾಲರಿ, ತಂತಿ, ಕಪಾಟು, ಸಡಿಲ, ಗುಜರಿ ಪೆಟ್ಟಿಗೆ. ಮುದೀರರಿಗೆ ಹಿಂದಿ ಬಾರದು. ಅವರು ತಂಗಿಯ ಕಡೆ ನೋಡಿ, ಏನು ಹೇಳುತ್ತಿದ್ದಾಳೆ ಎಂದರು.

ತಂಗಿ ಹೇಳಲಿಲ್ಲ. "ಅಕ್ಕಾ, ಕೆಳಗೆ ಹೋಗು" ಎಂದಳು ಕನ್ನಡದಲ್ಲಿ.

"ನೀನು ಹೇಳದಿದ್ರೆ ನಾನೇ ಹೇಳ್ತೀನಿ" ಎಂದು ನಟ್ಟಿಲ್ಲದ ಜಾಗ ತೋರಿಸಿ, ನನ್ನ ಎದೆಗೆ ಬೆರಳಿಟ್ಟು, ಗೊತ್ತಿದ್ದ ನಾಲ್ಕು ಇಂಗ್ಲಿಷ್ ಪದದಲ್ಲಿ ಹೇಳಿದೆ. ನಟ್ಟು ಬದಲಿಸಿದ್ದು ನಾನು. ಸಿಸ್ಟರ್ ತಪ್ಪಿಲ್ಲ.

ಮೇಡಂ ತಂಗಿಯ ಕಡೆ ತಿರುಗಿ ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು. ನನಗೂ ಅರ್ಥವಾಗುವಷ್ಟು ನಿಧಾನ. "ಬಿಗಿ ಮಾಡುವಾಗ ಸಡಿಲವಿದೆ ಎಂದು ನಿನಗೆ ಗೊತ್ತಾಯಿತೇ?"

ತಂಗಿ ತಲೆ ತಗ್ಗಿಸಿದಳು. "ಗೊತ್ತಾಯಿತು."

"ಮತ್ತೆ ಯಾಕೆ ನಿಲ್ಲಿಸಲಿಲ್ಲ?"

ಅವಳು ಹೇಳಿದಳು. "ಟೇಪಿನ ಮೇಲೆ ಅಕ್ಕನ ಅಕ್ಷರ ಇತ್ತು. ಅಕ್ಕ ಕಟ್ಟಿದ್ದು ಎಂದರೆ ಸರಿಯಾಗಿಯೇ ಇರುತ್ತದೆ ಎಂದುಕೊಂಡೆ. ನನ್ನ ಬೆರಳಿಗಿಂತ ಆ ಅಕ್ಷರವನ್ನು ನಂಬಿದೆ."

ಅದನ್ನೂ ಅವಳು ಎಂಟು ದಿನ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಪ್ರಶ್ನೆ ನೇರ ನನ್ನ ಹತ್ತಿರ ಬರುತ್ತಿತ್ತು. ರೂಮಿನಲ್ಲಿ ಆ ಬುಧವಾರ ಅವಳು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಯಾಕೆಂದು ಆಗ ತಿಳಿಯಿತು. ನಾನಾಗಿಯೇ ಹೇಳಲಿ ಎಂದು ಕಾದಿದ್ದಳು.

ಮೇಡಂ ಎದ್ದು ನಿಂತರು. ಟೇಬಲ್ ಸುತ್ತಿ ನನ್ನ ಎದುರಿಗೆ ಬಂದು, ಮೊದಲ ದಿನ ಬಾಗಿಲಲ್ಲಿ ಬಗ್ಗಿದ್ದಕ್ಕಿಂತ ಕೆಳಕ್ಕೆ ಬಗ್ಗಿದರು. "ಜಾಲರಿ ತೆಗೆಯಬೇಕೆಂದು ನಿಯಮ ಮಾಡಿದವಳು ನಾನು, ತೆಗೆದಾಗ ತೂತು ಮುಚ್ಚಲು ಏನೂ ಕೊಡಲಿಲ್ಲ, ಪಟ್ಟಿಯಲ್ಲಿ ನಟ್ಟು ಬರೆಯದವಳೂ ನಾನು, ಚೀಟಿ ಬರೆಯಲು ನೀವು ಹೆದರುವಂತಾದದ್ದು ನನ್ನ ಸೋಲು" ಎಂದರು, ತಂಗಿ ಅದನ್ನು ಕನ್ನಡದಲ್ಲಿ ಹೇಳಿದಳು. ನಾನೂ ಬಗ್ಗಿದೆ. ಬಗ್ಗಿದಾಗಲೂ, ಇದೆಲ್ಲ ನಾಟಕವೋ ಏನೋ ಎಂಬ ಹುಳ ತಲೆಯಲ್ಲಿ ಹರಿದಾಡುತ್ತಲೇ ಇತ್ತು. ಹಳೆಯ ಹುಳ ಒಂದೇ ದಿನದಲ್ಲಿ ಸಾಯುವುದಿಲ್ಲ.

ಪೂರ್ತಿ ಸುಳ್ಳು ಅನುಮಾನವೂ ಅಲ್ಲ ಅದು. ನನಗೆ ಎಚ್ಚರಿಕೆ ಪತ್ರ ಕೊಟ್ಟು ಲಾಂಡ್ರಿಗೆ ಹಾಕಿದರು. ಮೇಡಂ ಮತ್ತೆ ಮುದೀರರ ಹತ್ತಿರ ಹೋದರಂತೆ, ಮುದೀರರು ಕೇಳಲಿಲ್ಲವಂತೆ. ಶ್ರೀಲಂಕಾದವಳು "ಬಾ ದೀದಿ, ನಿನಗೂ ಪೆನ್ನು ಸಿಕ್ಕಿತಾ?" ಎಂದು ಬರಮಾಡಿಕೊಂಡಳು. ತಂಗಿಯನ್ನು ಉಳಿಸಿಕೊಂಡರು. ಮೂರು ವಾರ ಮತ್ತೆ ತರಬೇತಿ, ಆಮೇಲೆ ಥಿಯೇಟರು. ಹೊಲಿಗೆ ನಿಲ್ಲಿಸಿ ಎಂದ ಅವಳ ಮಾತು ಸರಿಯೆಂದು ಡಾಕ್ಟರು ಕೂಡ ಬರೆದುಕೊಟ್ಟರು.

ಮುದೀರರಿಗೆ ಮಾಫ್ ಕರೋ ಎಂದಿದ್ದೆ. ಡಾಕ್ಟರಿಗೆ ಎಂದಿದ್ದೆ. ಇಂಗ್ಲಿಷಿನಲ್ಲಿ ಟೈಪಾಗಿದ್ದ ಕಾಗದಕ್ಕೆ ಸಹಿ ಹಾಕಿದ್ದೆ. ತಂಗಿಗೆ ಮಾತ್ರ ಏನೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರಿಗೆ ತಪ್ಪಾಯಿತು ಎಂದದ್ದನ್ನು ನಾನು ಕೇಳಿಯೇ ಇಲ್ಲ. ಅಪ್ಪ ಸುಮ್ಮಸುಮ್ಮನೆ ಹೊಡೆದ ದಿನ ಸಂಜೆ ಬಾಳೆಹಣ್ಣು ತರುತ್ತಿದ್ದರು, ಅಷ್ಟೇ. ನಾನೂ ಅದೇ ದಾರಿ ಹಿಡಿದೆ. ಅವಳಿಗೆ ಇಷ್ಟವೆಂದು ಅಕ್ಕಿರೊಟ್ಟಿ ಮಾಡಿದೆ. ಸಬ್ಬಸಿಗೆ ಸೊಪ್ಪು ಹುಡುಕಿ ತಂದು ಮಾಡಿದೆ. ಅವರೆಕಾಳು ಹಾಕಿ ಮಾಡಿದೆ. ಅವಳು ತಿಂದು "ಚೆನ್ನಾಗಿದೆ" ಎನ್ನುತ್ತಿದ್ದಳು. ಬೇರೆ ಮಾತೆಲ್ಲ ಎಂದಿನಂತೆ. ಆ ವಿಷಯ ಮಾತ್ರ ಎತ್ತುತ್ತಿರಲಿಲ್ಲ.

ಮೂರನೆಯ ಶುಕ್ರವಾರ, ಇಬ್ಬರಿಗೂ ರಜೆ. ಬೆಳಿಗ್ಗೆ ಹತ್ತರ ಬಿಸಿಲು ಪರದೆಯ ಸಂದಿಯಿಂದ ಒಳಗೆ ಬಂದಿತ್ತು. ರೊಟ್ಟಿ ತಟ್ಟಿ ತ‍ಟ್ಟೆಗೆ ಹಾಕಿದೆ. ಅವಳು ಮುಟ್ಟಲಿಲ್ಲ.

"ಯಾಕೆ, ಉಪ್ಪು ಜಾಸ್ತಿಯಾಯ್ತಾ?"

"ರೊಟ್ಟಿ ಸಾಕು ಕಣಕ್ಕಾ."

"ಇನ್ನೂ ಒಂದೂ ತಿಂದಿಲ್ವಲ್ಲೇ."

"ಹದಿನೈದು ದಿನದಿಂದ ತಿಂತಾನೇ ಇದ್ದೀನಿ" ಎಂದಳು. ತಟ್ಟೆ ಪಕ್ಕಕ್ಕೆ ಸರಿಸಿದಳು. "ಮುದೀರ್‌ಗೆ ಹೇಳಿದೆ. ಡಾಕ್ಟರಿಗೆ ಹೇಳಿದೆ. ಜಪಾನಿ ಮೇಡಂ ಮುಂದೆ ಅಷ್ಟು ಬಗ್ಗಿದೆ. ನನ್ನ ಮುಂದೆ ಬಗ್ಗಿದ್ರೆ ಸೊಂಟ ಹಿಡ್ಕೊಳ್ತದಾ ನಿಂಗೆ?"

ಕೋಪ ಬಂತು. ಚಿಕ್ಕವಳು ಹೀಗೆ ಕೇಳಬಹುದೇ ಎಂಬ ಕೋಪ. ಒಲೆಯ ಕಡೆ ತಿರುಗಿದೆ. ಹಂಚು ಹೊಗೆಯಾಡುತ್ತಿತ್ತು, ಗ್ಯಾಸ್ ಆರಿಸಿದೆ. ಹಿಂದಿನಿಂದ ಅವಳ ದನಿ ಬಂತು, ಈ ಸಲ ಸಣ್ಣಗೆ.

"ನಾನು ಚಿಕ್ಕೋಳು ಅಂತ ಬಿಡ್ಬೇಡ ಅಕ್ಕಾ. ಬಾಯಲ್ಲಿ ಹೇಳು."

ಕೈಗೆ ಅಂಟಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬಂದು ಅವಳ ಎದುರು ನೆಲದ ಮೇಲೆ ಕೂತೆ. ಅವಳ ಮುಖ ನೋಡಿದೆ. ಅವಳು ಕಾದಳು.

"ಆ ನಟ್ಟು ಬದಲಾಯಿಸಿದ್ದು ನಾನು ಕಣೆ" ಎಂದೆ. "ಸಡಿಲ ಇದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿ ನಿನ್ನ ಕೈಗೆ ಕಳಿಸ್ದೆ. ನೀನು ಊಟ ಬಿಟ್ಟು ಕೂತಿದ್ದನ್ನ ನೋಡ್ಕೊಂಡೂ ಸುಮ್ನಿದ್ದೆ. ನೀನೇ ನನ್ನ ಮೇಲೆ ಚಾಡಿ ಹೇಳ್ತಿದ್ದೀಯ ಅಂತ ಅಂದ್ಕೊಂಡೆ. ನಿನ್ನ ಮುಂದೆ ಸಣ್ಣೋಳಾಗ್ಬಾರ್ದು ಅಂತ ನಿನ್ನನ್ನೇ ಊರಿಗೆ ಕಳಿಸೋಕೆ ಹೊರಟಿದ್ದೆ. ತಪ್ಪಾಯ್ತು. ನಂದೇ ತಪ್ಪು. ನನ್ನ ಕ್ಷಮಿಸು ಕಣೆ."